ಡಿಗ್ರಿ ಅಡ್ಮಿಷನ್: ಯಾವ ವಿಷಯಕ್ಕೆ ಯಾವ ಓದು ಬೇಕು, ಸೀಟು ಯಾಕೆ ಅಷ್ಟೇ? ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡಿನಲ್ಲಿ ಮಳೆ ಹಿಡಿಯುವುದೂ ಕಾಲೇಜಿನ ಅಡ್ಮಿಷನ್ ಜೋರಾಗುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಒದ್ದೆ ಕೊಡೆಯನ್ನು ಆಫೀಸಿನ ಬಾಗಿಲಿಗೆ ಒರಗಿಸಿ, ಪ್ಲಾಸ್ಟಿಕ್ ಕವರಿನಿಂದ ಮಾರ್ಕ್ಸ್ ಕಾರ್ಡ್ ಹೊರತೆಗೆದು, "ಸರ್, ಇದಕ್ಕೆ ಏನು ಸಿಗುತ್ತೆ?" ಎಂದು ಕೇಳುವ ಅಪ್ಪಂದಿರನ್ನು ವರ್ಷಾನುಗಟ್ಟಲೆ ನೋಡಿದ್ದೇನೆ. ನಾನು ಈ ಕಡೆಯ ಡಿಗ್ರಿ ಕಾಲೇಜುಗಳಲ್ಲಿ ಕೆಮಿಸ್ಟ್ರಿ ಕಲಿಸುತ್ತಾ ಅಡ್ಮಿಷನ್ ಕಮಿಟಿಯ ಮೇಜಿನ ಹಿಂದೆ ಕುಳಿತವನು. ಹೊಸನಗರದವರು ಬಂದರೂ ಸೊರಬದವರು ಬಂದರೂ ಪ್ರಶ್ನೆಗಳು ಮಾತ್ರ ಅವೇ. ಮೇಜಿನ ಈಚೆ ಕೂತು ಅವಸರದಲ್ಲಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ಸಾವಧಾನವಾಗಿ ಬರೆದಿದ್ದೇನೆ.

"ಆ ಸೀಟು ಕೊಡೋಕಾಗಲ್ಲ" ಅಂದುಬಿಟ್ರು. ಮುಂದೇನು ಮಾಡ್ಲಿ?

ಮೊದಲು ಒಂದು ಮಾತು ಕೇಳಿ: "ಅರ್ಹತೆ ಇಲ್ಲವೋ, ಜಾಗ ಇಲ್ಲವೋ?"

ಕೌಂಟರಿನಲ್ಲಿ ಎರಡಕ್ಕೂ "ಆಗಲ್ಲ" ಅಂತಲೇ ಹೇಳುತ್ತಾರೆ. ಆದರೆ ಎರಡೂ ಬೇರೆ. ಅರ್ಹತೆ ಇಲ್ಲ ಎಂದರೆ ಆ ಕೋರ್ಸಿಗೆ ಪಿಯುಸಿಯಲ್ಲಿ ಓದಿರಬೇಕಾದ ವಿಷಯ ನೀವು ಓದಿಲ್ಲ, ಅಥವಾ ಬೇಕಾದಷ್ಟು ಅಂಕ ಇಲ್ಲ. ಅಲ್ಲಿ ಕಾಯುವುದರಿಂದ ಪ್ರಯೋಜನವಿಲ್ಲ, ಬೇರೆ ದಾರಿ ಹುಡುಕಬೇಕು. ಜಾಗ ಇಲ್ಲ ಎಂದರೆ ನಿಮ್ಮದೇನೂ ತಪ್ಪಿಲ್ಲ, ಸೀಟು ತುಂಬಿದೆ ಅಷ್ಟೇ. ಅಲ್ಲಿ ಕಾಯುವುದೇ ದಾರಿ. ವೇಟಿಂಗ್ ಲಿಸ್ಟಿನಲ್ಲಿ ಹೆಸರು ಹಾಕಿಸಿ, ಸಿಇಟಿ ಸೀಟು ಹಂಚಿಕೆ ನಡೆಯುವವರೆಗೆ ತಾಳಿ. ಬಿ.ಎಸ್ಸಿ. ಸೇರಿದ ಮಕ್ಕಳಲ್ಲಿ ಹಲವರು ಎಂಜಿನಿಯರಿಂಗ್, ಅಗ್ರಿ, ನರ್ಸಿಂಗ್ ಸಿಕ್ಕ ಕೂಡಲೇ ಟಿಸಿ ಕೇಳುತ್ತಾರೆ. ಆಗ ಸೀಟು ಖಾಲಿಯಾಗುತ್ತದೆ.

ಈ ವ್ಯತ್ಯಾಸ ತಿಳಿಯದೆ ಮನೆಗೆ ಹೋದವರನ್ನು ಕಂಡಿದ್ದೇನೆ. ಒಬ್ಬ ಹುಡುಗಿಗೆ ಜುಲೈಯಲ್ಲಿ "ಆಗಲ್ಲ" ಅಂದಿದ್ದರು. ಅವಳು ಅದನ್ನು ಅರ್ಹತೆಯ ಮಾತು ಎಂದುಕೊಂಡು ಆ ವರ್ಷ ಮನೆಯಲ್ಲೇ ಉಳಿದಳು. ಆಗಸ್ಟಿನಲ್ಲಿ ಅದೇ ಕಾಂಬಿನೇಷನ್‌ನಲ್ಲಿ ಆರು ಸೀಟು ಖಾಲಿ ಇದ್ದವು. ಹೇಳಿ ಕಳಿಸುವವರು ಯಾರೂ ಇರಲಿಲ್ಲ.

ಈ ನಿಯಮಗಳನ್ನೆಲ್ಲ ಮಾಡುವವರು ಯಾರು? ಪ್ರಿನ್ಸಿಪಾಲರು ಮನಸ್ಸು ಮಾಡಿದರೆ ಆಗಲ್ವಾ?

ಅರ್ಹತೆಯ ವಿಷಯದಲ್ಲಿ ಪ್ರಿನ್ಸಿಪಾಲರ ಕೈಯಲ್ಲಿ ಏನೂ ಇಲ್ಲ. ಡಿಗ್ರಿಯ ಕನಿಷ್ಠ ಮಟ್ಟ ಯುಜಿಸಿಯದು, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ್ದು. ಎಷ್ಟು ವರ್ಷ, ಎಷ್ಟು ಮೇಜರ್ (ಮುಖ್ಯ ವಿಷಯ), ಮೀಸಲಾತಿ ಹೇಗೆ ಎಂಬುದು ರಾಜ್ಯ ಸರ್ಕಾರದ್ದು. ಯಾವ ವಿಷಯ ಓದಿದವರಿಗೆ ಯಾವ ಕೋರ್ಸ್ ಎಂದು ಬರೆಯುವುದು ವಿಶ್ವವಿದ್ಯಾಲಯ. ಕಾಲೇಜಿಗೆ ಉಳಿಯುವುದು ಪಟ್ಟಿ ಮಾಡಿ, ದಾಖಲೆ ನೋಡಿ, ಸೇರಿಸಿಕೊಳ್ಳುವ ಕೆಲಸ.

ನಮ್ಮ ಕಡೆ ವಿಶ್ವವಿದ್ಯಾಲಯ ಎಂದರೆ ಕುವೆಂಪು ವಿವಿ. 1987ರಲ್ಲಿ ಶುರುವಾಯಿತು, ಕ್ಯಾಂಪಸ್ ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿದೆ. 2009ರಲ್ಲಿ ದಾವಣಗೆರೆ ವಿವಿ ಬೇರೆಯಾದ ಮೇಲೆ ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳು ಇದರಡಿ ಉಳಿದವು. ಹಾಗಾಗಿ ಸಾಗರದ ಕಾಲೇಜಿಗೂ ಕೊಪ್ಪದ ಕಾಲೇಜಿಗೂ ಡಿಗ್ರಿಯ ನಿಯಮ ಒಂದೇ. ಎಂಜಿನಿಯರಿಂಗ್ ಬೆಳಗಾವಿಯ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿವಿ) ಕೆಳಗೆ ಬರುತ್ತದೆ. ಕೃಷಿ, ತೋಟಗಾರಿಕೆಗೆ ಶಿವಮೊಗ್ಗದಲ್ಲೇ ಕೆಳದಿ ಶಿವಪ್ಪ ನಾಯಕರ ಹೆಸರಿನ ವಿವಿ ಇದೆ. ಒಂದು ಕಡೆಯ ನಿಯಮ ಇನ್ನೊಂದು ಕಡೆ ನಡೆಯುವುದಿಲ್ಲ. "ನಮ್ಮ ಭಾವನ ಮಗನಿಗೆ ಧಾರವಾಡದಲ್ಲಿ ಕೊಟ್ರಲ್ಲ" ಎಂಬ ವಾದ ಇಲ್ಲಿ ಕೆಲಸಕ್ಕೆ ಬರಲ್ಲ.

ಒಂದು ವೇಳೆ ಕಾಲೇಜಿನವರು ಕಣ್ತಪ್ಪಿನಿಂದಲೋ ದಾಕ್ಷಿಣ್ಯಕ್ಕೋ ಅರ್ಹತೆ ಇಲ್ಲದವರನ್ನು ಸೇರಿಸಿಕೊಂಡರು ಅನ್ನಿ. ವಿವಿ ಅಡ್ಮಿಷನ್ ಅನುಮೋದನೆ ಮಾಡುವಾಗ ಅದು ಸಿಕ್ಕಿಬೀಳುತ್ತದೆ. ಆಗ ಪರೀಕ್ಷೆಗೆ ನೋಂದಣಿ ಸಂಖ್ಯೆಯೇ ಬರುವುದಿಲ್ಲ. ಮೂರು ತಿಂಗಳು ಕ್ಲಾಸಿಗೆ ಬಂದ ಮಗುವಿಗೆ ಅದನ್ನು ಹೇಳುವ ಕೆಲಸ ಒಮ್ಮೆ ನನ್ನ ಪಾಲಿಗೆ ಬಂದಿತ್ತು. ಅಂದಿನಿಂದ "ನೋಡೋಣ, ಮಾಡೋಣ" ಎನ್ನುವುದನ್ನು ಬಿಟ್ಟೆ.

ಪಿಯುಸಿ ಆರ್ಟ್ಸ್ ಮಾಡಿದ್ದೇನೆ. ಬಿ.ಎಸ್ಸಿ. ಸೇರಬಹುದಾ?

ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇರುವ ಬಿ.ಎಸ್ಸಿ.ಗೆ ಆಗುವುದಿಲ್ಲ. ಪಿಸಿಎಂ ಬೇಕಾದರೆ ಪಿಯುಸಿಯಲ್ಲಿ ಆ ವಿಷಯಗಳನ್ನು ಓದಿರಬೇಕು, ಸಿಬಿಜೆಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಬೇಕಾದರೆ ಜೀವಶಾಸ್ತ್ರ ಓದಿರಬೇಕು.

ಇದನ್ನು ಮಡಿ-ಮೈಲಿಗೆ ಅಂತ ತಿಳಿಯಬೇಡಿ. ಡಿಗ್ರಿಯ ಮೊದಲ ಸೆಮಿಸ್ಟರಿನ ಎರಡನೇ ವಾರದಲ್ಲೇ ನಾನು ಬೋರ್ಡಿನ ಮೇಲೆ ಡಿಫರೆನ್ಷಿಯೇಷನ್ ಬರೆಯುತ್ತೇನೆ. ಅದು ಎಲ್ಲಿಂದ ಬಂತು ಎಂದು ಹೇಳುತ್ತಾ ಕೂರುವಷ್ಟು ಸಮಯ ಇರುವುದಿಲ್ಲ. ಅಡಿಪಾಯ ಇಲ್ಲದವನನ್ನು ಅಲ್ಲಿ ಕೂರಿಸಿದರೆ ಅವನಿಗೆ ಉಪಕಾರ ಮಾಡಿದಂತಲ್ಲ. ಪಿಯುಸಿಯಲ್ಲಿ ಗಣಿತ ಓದಿಯೂ ಮರೆತವರೇ ಅಲ್ಲಿ ಒದ್ದಾಡುತ್ತಾರೆ.

ಯುಜಿಸಿ 2025ರಲ್ಲಿ ತಂದ ನಿಯಮಾವಳಿಯಲ್ಲಿ, ಪಿಯುಸಿಯಲ್ಲಿ ಏನೇ ಓದಿರಲಿ, ಪ್ರವೇಶ ಪರೀಕ್ಷೆ ಪಾಸಾದರೆ ಯಾವ ವಿಷಯದ ಡಿಗ್ರಿಗಾದರೂ ಸೇರಬಹುದು ಎಂಬ ಮಾತಿದೆ. ಪೇಪರಿನಲ್ಲಿ ಓದಿದ ಪೋಷಕರು ಕಟಿಂಗ್ ಸಮೇತ ಬರುತ್ತಾರೆ. ಆದರೆ ಆ ವಾಕ್ಯದಲ್ಲಿ "ಪ್ರವೇಶ ಪರೀಕ್ಷೆ" ಎಂಬ ಪದವನ್ನು ದಾಟಿ ಓದಿರುತ್ತಾರೆ. ನಮ್ಮ ಕಡೆ ಸಾಮಾನ್ಯ ಬಿ.ಎ., ಬಿ.ಎಸ್ಸಿ., ಬಿ.ಕಾಂ. ಸೀಟು ಕೊಡುವುದು ಪಿಯುಸಿ ಅಂಕದ ಮೇಲೆ. ಪರೀಕ್ಷೆಯೇ ಇಲ್ಲದ ಕಡೆ ಆ ಬಾಗಿಲು ತೆರೆಯುವುದು ಹೇಗೆ?

ಕಂಪ್ಯೂಟರ್ ಆಸೆ ಇದ್ದರೆ ಬಿಸಿಎ ವಿಚಾರಿಸಿ. ಪಿಯುಸಿಯಲ್ಲಿ ಯಾವ ವಿಭಾಗ ಓದಿದ್ದರೂ ಬಿಸಿಎಗೆ ತೆಗೆದುಕೊಳ್ಳುವ ಕಾಲೇಜುಗಳಿವೆ. ಆರ್ಟ್ಸ್‌ನಿಂದ ಬಂದು ಪ್ರೋಗ್ರಾಮಿಂಗ್‌ನಲ್ಲಿ ಎಲ್ಲರಿಗಿಂತ ಮುಂದೆ ಹೋದ ಮಕ್ಕಳಿದ್ದಾರೆ. ಅವರಿಗೆಲ್ಲ ಮೊದಲ ಎರಡು ಸೆಮಿಸ್ಟರಿನ ಗಣಿತ ಮಾತ್ರ ಆಗುಂಬೆ ಘಾಟಿಯೇ ಆಗಿತ್ತು.

ಸೈನ್ಸ್ ಓದಿ ಬೇಜಾರಾಗಿದೆ. ಬಿ.ಎ. ಅಥವಾ ಬಿ.ಕಾಂ.ಗೆ ಹೋಗಬಹುದಾ?

ಹೋಗಬಹುದು, ಆ ಕಡೆಗೆ ಬಾಗಿಲು ತೆರೆದೇ ಇದೆ. ಆದರೆ ಸುಲಭ ಎಂದುಕೊಂಡು ಹೋಗಬೇಡಿ. ಇತಿಹಾಸದ ಮೊದಲ ಇಂಟರ್ನಲ್ಸ್‌ನಲ್ಲಿ ಎರಡು ಪುಟ ಬರೆಯಲು ತಿಣುಕಿದ ಸೈನ್ಸ್ ಹುಡುಗರನ್ನು ನಮ್ಮ ಇತಿಹಾಸದ ಮೇಷ್ಟ್ರು ಈಗಲೂ ನೆನೆಸಿಕೊಂಡು ನಗುತ್ತಾರೆ. ಬಿ.ಕಾಂ.ನಲ್ಲಿ ಜರ್ನಲ್ ಎಂಟ್ರಿ ಗೊತ್ತಿಲ್ಲದೆ ಕೂರುವುದೂ ಅಷ್ಟೇ ಕಷ್ಟ. ಸೇರುವ ಮುಂಚೆ ಕಾಮರ್ಸ್ ಓದಿದ ಗೆಳೆಯರ ಹತ್ತಿರ ಪಿಯುಸಿ ಅಕೌಂಟೆನ್ಸಿ ಪುಸ್ತಕ ಕೇಳಿ ತಗೊಂಡು ಒಂದು ತಿಂಗಳು ನೋಡಿ.

ಪಿಯುಸಿಯಲ್ಲಿ ಪಿಸಿಎಂಸಿ (ಪಿಸಿಎಂ ಜೊತೆ ಕಂಪ್ಯೂಟರ್ ಸೈನ್ಸ್) ತಗೊಂಡೆ. ಈಗ ಅಗ್ರಿ ಬಿ.ಎಸ್ಸಿ. ಮಾಡೋ ಮನಸ್ಸು.

ಅಡಿಕೆ ತೋಟದ ಮನೆಗಳಿಂದ ಬರುವ ಪ್ರಶ್ನೆ ಇದು, ಪ್ರತಿ ವರ್ಷವೂ ಬರುತ್ತದೆ. ಮಗ ಕಂಪ್ಯೂಟರ್ ಅಂತ ಹೇಳಿ ಪಿಸಿಎಂಸಿ ತೆಗೆದುಕೊಂಡಿರುತ್ತಾನೆ. ಎರಡು ವರ್ಷದ ಮೇಲೆ ತೋಟ ನೆನಪಾಗುತ್ತದೆ. ಸಿಇಟಿ ಮೂಲಕ ಕೃಷಿ ಬಿ.ಎಸ್ಸಿ.ಗೆ ಹೋಗಲು ಜೀವಶಾಸ್ತ್ರ ಬೇಕೇ ಬೇಕು. ರೈತರ ಮಕ್ಕಳ ಕೋಟಾ ಇದೆ, ಅದಕ್ಕೆ ಪ್ರತ್ಯೇಕವಾಗಿ ಕೃಷಿ ಪ್ರಾಯೋಗಿಕ ಪರೀಕ್ಷೆಯೂ ಇದೆ. ತೋಟದಲ್ಲೇ ಬೆಳೆದ ಮಕ್ಕಳಿಗೆ ಬೀಜ, ಗೊಬ್ಬರ, ಸಲಕರಣೆ ಗುರುತಿಸುವುದು ಕಷ್ಟವಲ್ಲ. ಆದರೆ ಕೋಟಾ ಇದ್ದ ಮಾತ್ರಕ್ಕೆ ಜೀವಶಾಸ್ತ್ರ ಮಾಫಿ ಆಗುವುದಿಲ್ಲ.

ವೈದ್ಯಕೀಯದಲ್ಲಿ ಒಂದು ಸಡಿಲಿಕೆ ಬಂದಿದೆ. 2023ರ ನವೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ಪಿಯುಸಿ ಮುಗಿದ ಮೇಲೆ ಮಾನ್ಯತೆ ಇರುವ ಬೋರ್ಡಿನಿಂದ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿದವರೂ ನೀಟ್ ಬರೆಯಬಹುದು ಎಂದಿತು. ಅದು ನೀಟ್‌ಗೆ ಹೇಳಿದ ಮಾತು. ಬೇರೆ ಕೋರ್ಸಿಗೆ ಅದೇ ಮಾತು ನಡೆಯುತ್ತದೆ ಎಂದು ನಂಬಿ ಒಂದು ವರ್ಷ ಕಳೆಯಬೇಡಿ. ಆ ವರ್ಷದ ಸಿಇಟಿ ಮಾಹಿತಿ ಪುಸ್ತಕದ ಅರ್ಹತೆಯ ಪುಟ ಓದಿಯೇ ಹೆಜ್ಜೆ ಇಡಿ.

ಎಸ್‌ಎಸ್‌ಎಲ್‌ಸಿ ಮುಗಿಸಿದ ತಮ್ಮ ತಂಗಿಯರು ಮನೆಯಲ್ಲಿದ್ದರೆ ಅವರಿಗೆ ಇದನ್ನು ಓದಿ ಹೇಳಿ. ಏನು ಬೇಕೆಂದು ಗೊತ್ತಿಲ್ಲದ ಮಗುವಿಗೆ ಪಿಸಿಎಂಬಿ (ಪಿಸಿಎಂ ಜೊತೆ ಜೀವಶಾಸ್ತ್ರ) ಓದುವುದು ಭಾರವಾದರೂ ಅದರಿಂದ ಜಾಸ್ತಿ ಬಾಗಿಲು ತೆರೆದಿರುತ್ತವೆ. ಇದು ನನ್ನ ಅಭಿಪ್ರಾಯ. ಮಗುವಿಗೆ ಲೆಕ್ಕ ಕಂಡರೆ ಜ್ವರ ಬರುತ್ತದೆ ಅನ್ನುವವರು ನನ್ನ ಮಾತು ಕೇಳಬೇಕಿಲ್ಲ.

ಎಂಜಿನಿಯರಿಂಗ್‌ಗೆ ಕೆಮಿಸ್ಟ್ರಿ ಬೇಕೇ ಬೇಕಾ?

ಕೆಮಿಸ್ಟ್ರಿ ಮೇಷ್ಟ್ರಾಗಿ "ಬೇಕು" ಅನ್ನಬೇಕು. ಆದರೆ ನಿಯಮ ಹಾಗಿಲ್ಲ. ರಾಜ್ಯದ ಸಿಇಟಿಯಲ್ಲಿ ಬಿ.ಇ.ಗೆ ಭೌತಶಾಸ್ತ್ರ ಮತ್ತು ಗಣಿತ ಕಡ್ಡಾಯ. ಮೂರನೆಯದು ರಸಾಯನಶಾಸ್ತ್ರ, ಜೀವಶಾಸ್ತ್ರ, ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಾನಿಕ್ಸ್ ಇವುಗಳಲ್ಲಿ ಒಂದಾಗಬಹುದು. ಒಟ್ಟು ಶೇ. 45 ಅಂಕ ಬೇಕು, ಮೀಸಲು ವರ್ಗದವರಿಗೆ ಶೇ. 40.

ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಇನ್ನೊಂದು ವಿಷಯ. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದ್ದರೆ ಗ್ರಾಮೀಣ ಕೋಟಾ ಇದೆ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಅದಕ್ಕೂ ಕೋಟಾ ಇದೆ. ಶಾಲೆಯಿಂದ ಆ ಪ್ರಮಾಣಪತ್ರ ತರಲು ಮಳೆಗಾಲದಲ್ಲಿ ಓಡಾಡುವ ಬದಲು ಏಪ್ರಿಲ್‌ನಲ್ಲೇ ಮಾಡಿಸಿಡಿ. ಮಕ್ಕಳಿಲ್ಲದೆ ಮುಚ್ಚಿದ ಶಾಲೆಯಾಗಿದ್ದರೆ ದಾಖಲೆ ಎಲ್ಲಿದೆ ಎಂದು ಬಿಇಒ ಕಚೇರಿಯಲ್ಲಿ ಕೇಳಿ. ನಮ್ಮ ಕಡೆ ಹಾಗೆ ಮುಚ್ಚಿದ ಶಾಲೆ ಒಂದೆರಡಲ್ಲ.

ಡಿಪ್ಲೊಮಾ ಮಾಡಿದ್ದೇನೆ. ನೇರ ಬಿ.ಇ. ಎರಡನೇ ವರ್ಷಕ್ಕೆ ಸೇರಿದರೆ ಏನಾದರೂ ಬಾಕಿ ಇರುತ್ತಾ?

ಇರುತ್ತದೆ, ಅದು ಗಣಿತ. ಮೊದಲ ವರ್ಷದ ಗಣಿತ ನೀವು ಓದಿಲ್ಲ ಎಂಬ ಕಾರಣಕ್ಕೆ ವಿಟಿಯು ಡಿಪ್ಲೊಮಾದಿಂದ ಬಂದವರಿಗೆ ಹೆಚ್ಚುವರಿ ಗಣಿತದ ಪತ್ರಿಕೆಗಳನ್ನು ಇಟ್ಟಿತ್ತು. ಮಕ್ಕಳ ಬಾಯಲ್ಲಿ ಅದು "ಮ್ಯಾಟ್‌ಡಿಪ್". ಕ್ರೆಡಿಟ್ ಇಲ್ಲ, ಆದರೆ ಪಾಸಾಗದೆ ಡಿಗ್ರಿ ಇಲ್ಲ. "ಕ್ರೆಡಿಟ್ ಇಲ್ವಲ್ಲ" ಎಂದು ಸುಮ್ನೆ ಬಿಟ್ಟವರು ಕೊನೆಯ ಸೆಮಿಸ್ಟರಿನಲ್ಲಿ, ಕೆಲಸದ ಆಫರ್ ಲೆಟರ್ ಕೈಯಲ್ಲಿ ಹಿಡಿದು, ಅದನ್ನು ಬರೆಯಲು ಕೂತಿದ್ದನ್ನು ಕೇಳಿದ್ದೇನೆ. ನಿಮ್ಮ ಸ್ಕೀಮಿನಲ್ಲಿ (ನಿಮ್ಮ ಬ್ಯಾಚಿನ ಪಠ್ಯಕ್ರಮದಲ್ಲಿ) ಅದು ಯಾವ ರೂಪದಲ್ಲಿದೆ ಎಂದು ಸೇರಿದ ವಾರವೇ ಕೇಳಿಕೊಳ್ಳಿ.

ಸೀಟು ಯಾಕೆ ಅಷ್ಟೇ? ಇನ್ನೊಂದು ಬೆಂಚ್ ಹಾಕಿದರೆ ಆಗಲ್ವಾ?

ನನಗೆ ತುಂಬಾ ಇಷ್ಟವಾದ ಪ್ರಶ್ನೆ. ಬೆಂಚು ಹಾಕಬಹುದು, ಬ್ಯೂರೆಟ್ (ಲ್ಯಾಬಿನಲ್ಲಿ ದ್ರಾವಣ ಅಳೆದು ಬಿಡುವ ಗಾಜಿನ ಕೊಳವೆ) ಎಲ್ಲಿಂದ ತರೋದು?

ನಾನು ಹೆಚ್ಚು ವರ್ಷ ಕಲಿಸಿದ ಕಾಲೇಜಿನ ಲ್ಯಾಬಿನಲ್ಲಿ ಒಂದು ಸಲಕ್ಕೆ 20 ಮಕ್ಕಳು ನಿಲ್ಲಬಹುದಿತ್ತು. 20 ಬ್ಯೂರೆಟ್ ಸ್ಟ್ಯಾಂಡ್, ಎರಡು ಸಿಂಕ್, ಒಂದು ಡಿಸ್ಟಿಲ್ಡ್ ವಾಟರ್ ಯಂತ್ರ. ಕರೆಂಟು ಹೋದರೆ ಅದೂ ಇಲ್ಲ. ವಾರದಲ್ಲಿ ಮೂರು ಬ್ಯಾಚ್ ಮಾಡಿದರೆ 60 ಮಕ್ಕಳು. ನಾಲ್ಕನೇ ಬ್ಯಾಚ್ ಮಾಡಬೇಕಾದರೆ ಇನ್ನೊಬ್ಬ ಮೇಷ್ಟ್ರು ಬೇಕು. ಯುಜಿಸಿಯ 2018ರ ನಿಯಮದಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ನೇರ ಪಾಠ. ಅದಕ್ಕಿಂತ ಹೆಚ್ಚಾದ ಪಾಠಕ್ಕೆ ಅತಿಥಿ ಉಪನ್ಯಾಸಕರು ಬರಬೇಕು, ಅವರ ನೇಮಕದ ಆದೇಶ ಬರುವ ಹೊತ್ತಿಗೆ ಅರ್ಧ ಸೆಮಿಸ್ಟರ್ ಕಳೆದಿರುತ್ತದೆ. ಮತ್ತೊಬ್ಬರನ್ನು ಸೇರಿಸಿಕೊಂಡರೆ ಆ ಮಗು ಇನ್ನೊಬ್ಬನ ಪಕ್ಕ ನಿಂತು ಟೈಟ್ರೇಷನ್ ನೋಡುತ್ತದೆ ಅಷ್ಟೇ, ಮಾಡುವುದಿಲ್ಲ.

ಕಾಗದದ ಲೆಕ್ಕ ಬೇರೆ ಇದೆ. ಕಾಲೇಜಿಗೆ ಪ್ರತಿ ಕೋರ್ಸಿಗೂ ಇಷ್ಟು ಇಂಟೇಕ್ (ಸೇರಿಸಿಕೊಳ್ಳಬಹುದಾದ ಮಕ್ಕಳ ಸಂಖ್ಯೆ) ಎಂದು ವಿವಿ ಮಂಜೂರು ಮಾಡಿರುತ್ತದೆ. ಅದಕ್ಕೆ ಮುಂಚೆ ಸ್ಥಳೀಯ ವಿಚಾರಣಾ ಸಮಿತಿ ಬಂದು ಕೊಠಡಿ, ಲೈಬ್ರರಿ, ಲ್ಯಾಬ್, ಸಿಬ್ಬಂದಿ ನೋಡುತ್ತದೆ. ಬಿ.ಇ. ಇಂಟೇಕ್ ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು) ಕೈಯಲ್ಲಿದೆ, 2024–25ರಿಂದ ಬಿಸಿಎ, ಬಿಬಿಎ ಕೂಡ ಅದರ ಅನುಮೋದನೆಗೆ ಬಂದವು. ಬಿ.ಇಡಿ.ಯಲ್ಲಿ ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು) ಪ್ರಕಾರ 50 ಮಕ್ಕಳಿಗೆ ಒಂದು ಘಟಕ. ಐವತ್ತೊಂದನೆಯವರಿಗೆ ಜಾಗ ಇಲ್ಲ, ಯಾರ ಪತ್ರ ತಂದರೂ ಇಲ್ಲ.

ಬಿ.ಎ.ಯಲ್ಲಿ ಲ್ಯಾಬ್ ಇಲ್ಲವಲ್ಲ ಎಂದು ಕೇಳಬಹುದು. ನಿಜ, ಅಲ್ಲಿ ಹೆಚ್ಚುವರಿ ಸೆಕ್ಷನ್‌ಗೆ ಅನುಮತಿ ಸಿಗುವುದು ಸುಲಭ. ನೂರಕ್ಕೂ ಹೆಚ್ಚು ಮಕ್ಕಳಿರುವ ಕೊಠಡಿ, ಹೆಂಚಿನ ಮೇಲೆ ಜುಲೈ ಮಳೆ, ಮೈಕ್ ಇಲ್ಲದ ಮೇಷ್ಟ್ರು. ಮಿತಿ ಯಾಕೆ ಬೇಕು ಎಂದು ಅಲ್ಲಿನ ಕೊನೆ ಬೆಂಚಿನಲ್ಲಿ ಕೂತವರಿಗೆ ಗೊತ್ತು.

ನನಗಿಂತ ಕಡಿಮೆ ಅಂಕ ಇದ್ದವರಿಗೆ ಸೀಟು ಸಿಕ್ಕಿತು. ಇದು ಅನ್ಯಾಯ ಅಲ್ವಾ?

ಸೀಟುಗಳನ್ನು ಒಂದೇ ಸಾಲಿನಲ್ಲಿ ಹಂಚುವುದಿಲ್ಲ. ರೋಸ್ಟರ್ (ಮೀಸಲಾತಿಯ ಸರದಿ ಪಟ್ಟಿ) ಪ್ರಕಾರ ವರ್ಗವಾರು ಹಂಚುತ್ತಾರೆ. 2022ರ ಕಾಯ್ದೆಯ ನಂತರ ರಾಜ್ಯದಲ್ಲಿ ಪರಿಶಿಷ್ಟ ಜಾತಿಗೆ ಶೇ. 17, ಪರಿಶಿಷ್ಟ ಪಂಗಡಕ್ಕೆ ಶೇ. 7, ಜೊತೆಗೆ ಹಿಂದುಳಿದ ವರ್ಗಗಳ ಪ್ರವರ್ಗ-1, 2ಎ, 2ಬಿ, 3ಎ, 3ಬಿ ಇವೆ. ಉಳಿದದ್ದು ಸಾಮಾನ್ಯ ವರ್ಗ, ಅಂದರೆ ಜಿಎಂ. ಜಿಎಂ ಎಂದರೆ ಯಾವುದೋ ಜಾತಿಯ ಸೀಟಲ್ಲ. ಅಂಕ ಜಾಸ್ತಿ ಇರುವ ಯಾರಿಗಾದರೂ ಅದು ಸಿಗುತ್ತದೆ. ಪರಿಶಿಷ್ಟ ಜಾತಿಯ ಹುಡುಗಿಯ ಅಂಕ ಜಿಎಂ ಕಟ್‌ಆಫ್ ದಾಟಿದರೆ ಅವಳ ಸೀಟು ಜಿಎಂ ಲೆಕ್ಕಕ್ಕೆ ಹೋಗಬೇಕು. ಮೀಸಲು ಸೀಟು ಅವಳ ಹಿಂದಿನವರಿಗೆ ಉಳಿಯುತ್ತದೆ. ಇದನ್ನು ತಪ್ಪಾಗಿ ಹಾಕಿದ ಪಟ್ಟಿಯನ್ನು ನಾನೇ ಒಮ್ಮೆ ರಾತ್ರಿ ಕೂತು ತಿದ್ದಿದ್ದೇನೆ.

ಪಟ್ಟಿಯನ್ನು ನೋಟಿಸ್ ಬೋರ್ಡಿನಲ್ಲಿ ಹಾಕುತ್ತಾರೆ. ಫೋಟೊ ತೆಗೆದುಕೊಳ್ಳಿ. ತಪ್ಪು ಕಂಡರೆ ಬರೆದು ಕೊಡಿ, ಕೊಟ್ಟದ್ದಕ್ಕೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಬಾಯಿಮಾತಿನ ಜಗಳದಿಂದ ಸೀಟು ಸಿಕ್ಕಿದ್ದನ್ನು ನಾನು ಕಂಡಿಲ್ಲ.

ನನಗೆ ಬೇಕಾದ ವಿಷಯ ಕಳೆದ ವರ್ಷ ಇತ್ತು, ಈ ವರ್ಷ ಇಲ್ಲವಂತೆ. ಯಾಕೆ?

ಮಿತಿ ಮೇಲೆ ಮಾತ್ರ ಅಲ್ಲ, ಕೆಳಗೂ ಇದೆ. ನಾಲ್ಕೈದು ಮಕ್ಕಳು ಮಾತ್ರ ಕೇಳಿದ ವಿಷಯಕ್ಕೆ ಮೇಷ್ಟ್ರನ್ನು ಇಟ್ಟುಕೊಳ್ಳಲು ಆಡಳಿತದವರು ಒಪ್ಪುವುದಿಲ್ಲ. ಪೇಟೆಯ ಕಾಲೇಜಿನಲ್ಲಿ "ಸೀಟು ಇಲ್ಲ" ಎಂಬ ಕೂಗು, ತಾಲ್ಲೂಕಿನ ಕಾಲೇಜಿನಲ್ಲಿ "ಮಕ್ಕಳಿಲ್ಲ" ಎಂಬ ಕೂಗು. ಒಂದೇ ಜಿಲ್ಲೆಯಲ್ಲಿ, ಅದೂ ಒಂದೇ ವಾರದಲ್ಲಿ ಎರಡನ್ನೂ ಕೇಳಿದ್ದೇನೆ.

ಮೂಲ ವಿಜ್ಞಾನ, ಭಾಷಾ ಐಚ್ಛಿಕಗಳು, ತತ್ವಶಾಸ್ತ್ರ ಹೀಗೆಯೇ ಒಂದೊಂದಾಗಿ ಕಣ್ಮರೆಯಾಗುತ್ತಿವೆ. ನಿಮಗೆ ಅಂಥ ವಿಷಯ ಬೇಕಿದ್ದರೆ ಒಬ್ಬರೇ ಹೋಗಬೇಡಿ. ಬೇಕೆನ್ನುವ ಗೆಳೆಯರನ್ನು ಸೇರಿಸಿಕೊಂಡು ಅರ್ಜಿ ಕೊಡಿ, ಅದೂ ವೇಳಾಪಟ್ಟಿ ತಯಾರಾಗುವ ಮೊದಲು. ಹಾಗೆ ಏಳು ಮಕ್ಕಳು ಬಂದು ಕೇಳಿದ್ದಕ್ಕೇ ಒಂದು ವರ್ಷ ಸಂಸ್ಕೃತ ಐಚ್ಛಿಕ ಉಳಿಯಿತು.

ಓಪನ್ ಎಲೆಕ್ಟಿವ್ ಅಂದ್ರು, ಆಮೇಲೆ ಫುಲ್ ಅಂದ್ರು. ಓಪನ್ ಅಂದ್ರೆ ಏನರ್ಥ?

ಓಪನ್ ಎಲೆಕ್ಟಿವ್ ಎಂದರೆ ನಿಮ್ಮ ಮುಖ್ಯ ವಿಷಯದ ಹೊರಗೆ ಆರಿಸಿಕೊಳ್ಳುವ ಪತ್ರಿಕೆ. "ಯಾರು ಬೇಕಾದರೂ ಬರಬಹುದು" ಎಂಬ ಅರ್ಥದಲ್ಲಿ ಓಪನ್, "ಎಷ್ಟು ಜನ ಬೇಕಾದರೂ" ಎಂಬ ಅರ್ಥದಲ್ಲಿ ಅಲ್ಲ. ಇದಕ್ಕೆ ಮುಂಚಿನ ಓದಿನ ಷರತ್ತು ಇರುವುದಿಲ್ಲ, ನಿಮ್ಮ ಸ್ವಂತ ವಿಷಯದಲ್ಲೇ ತೆಗೆದುಕೊಳ್ಳುವಂತಿಲ್ಲ ಎಂಬುದೊಂದೇ ಷರತ್ತು. ಹಾಗಾಗಿ ಎಲ್ಲರೂ ಮನಶ್ಶಾಸ್ತ್ರದ ಕಡೆಗೋ ಕಂಪ್ಯೂಟರ್ ಕಡೆಗೋ ನುಗ್ಗುತ್ತಾರೆ. ಕೊಠಡಿಯ ಅಳತೆಗೆ ತಕ್ಕಂತೆ ಮೊದಲು ಬಂದವರಿಗೆ ಕೊಟ್ಟು ಮುಚ್ಚುತ್ತಾರೆ. ಬಸ್ಸಿನಲ್ಲಿ ಎರಡು ಗಂಟೆ ಪ್ರಯಾಣ ಮಾಡಿ ಹತ್ತೂವರೆಗೆ ತಲುಪುವ ಮಕ್ಕಳಿಗೆ ಉಳಿಯುವುದು ಯಾರೂ ಕೇಳದ ವಿಷಯ. ಮೊದಲು ಬಂದವರಿಗೆ ಎನ್ನುವ ಪದ್ಧತಿ ಕಾಲೇಜಿನ ಪಕ್ಕದ ಹಾಸ್ಟೆಲಿನವರಿಗೆ ಅನುಕೂಲ, ಹೊಸನಗರ ತಾಲ್ಲೂಕಿನ ನಗರ, ನಿಟ್ಟೂರಿನಂಥ ದೂರದ ಊರುಗಳಿಂದ ಬರುವವರಿಗೆ ಅಲ್ಲ. ನಮ್ಮಲ್ಲಿ ಮೂರು ಆಯ್ಕೆ ಬರೆಸಿಕೊಂಡು ಅಂಕದ ಮೇಲೆ ಹಂಚಲು ಶುರು ಮಾಡಿದ ಮೇಲೆ ಜಗಳ ಅರ್ಧ ಕಡಿಮೆಯಾಯಿತು. ನಿಮ್ಮ ಕಾಲೇಜಿನಲ್ಲೂ ಕೇಳಿ ನೋಡಿ.

ಅಕ್ಕ ನಾಲ್ಕು ವರ್ಷ ಅಂತ ಸೇರಿದ್ದಳು, ನನಗೆ ಮೂರು ವರ್ಷ ಅಂತಿದ್ದಾರೆ. ಯಾವುದು ಸರಿ?

ಎರಡೂ ಸರಿ. 2021–22ರಿಂದ 2023–24ರವರೆಗೆ ಸೇರಿದವರು ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮದವರು. 2024–25ರಿಂದ ರಾಜ್ಯ ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿತು. ಅಕ್ಕನ ನೋಟ್ಸು ಉಪಯೋಗಕ್ಕೆ ಬಂದೀತು, ಅಕ್ಕನ ನಿಯಮ ಬರುವುದಿಲ್ಲ. ಅವಳ ಕಾಲದ ಪ್ರಾಸ್ಪೆಕ್ಟಸ್ ನೋಡಿ ವಿಷಯ ಆರಿಸಬೇಡಿ.

ಸೇರಿದ ಮೇಲೆ ಕಾಂಬಿನೇಷನ್ ಬದಲಾಯಿಸಬಹುದಾ?

ಕ್ಲಾಸು ಶುರುವಾದ ಕೆಲವು ವಾರ, ವಿವಿಗೆ ಪಟ್ಟಿ ಹೋಗುವವರೆಗೆ, ಆಗುತ್ತದೆ. ಹೊಸ ಕಾಂಬಿನೇಷನ್‌ಗೆ ಅರ್ಹತೆಯೂ ಇರಬೇಕು, ಜಾಗವೂ ಇರಬೇಕು. ಅಡ್ಮಿಷನ್, ಪರೀಕ್ಷೆಯ ದಾಖಲೆ ಇರುವ ಸರ್ಕಾರದ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಬದಲಾಗಿದೆಯೇ ಎಂದು ನೀವೇ ಲಾಗಿನ್ ಆಗಿ ನೋಡಿ. ಕ್ಲಾಸಿನಲ್ಲಿ ಹೊಸ ವಿಷಯಕ್ಕೆ ಕೂತು, ಪೋರ್ಟಲ್‌ನಲ್ಲಿ ಹಳೆಯದೇ ಉಳಿದು, ಹಾಲ್ ಟಿಕೆಟ್ ಬಂದಾಗ ಅಳುವುದು ಪ್ರತಿ ವರ್ಷದ ಕಥೆ.

ಕಾಲೇಜು ಬದಲಾವಣೆ ಬೇರೆ. ಒಂದೇ ವಿವಿಯೊಳಗೆ, ಎರಡೂ ಕಾಲೇಜಿನವರು ಒಪ್ಪಿದರೆ ಕಷ್ಟವಿಲ್ಲ. ವಿವಿ ಬದಲಾದರೆ ನೀವು ಓದಿದ ಪತ್ರಿಕೆಗಳು ಅಲ್ಲಿನದಕ್ಕೆ ಸಮಾನವೇ ಎಂದು ಅವರು ನೋಡಬೇಕು. ಸಮಯ ಹಿಡಿಯುತ್ತದೆ.

ಒಂದು ಪೇಪರ್ ಬಾಕಿ ಇದೆ. ಎಂ.ಎಸ್ಸಿ.ಗೆ ಅರ್ಜಿ ಹಾಕಬಹುದಾ?

ಡಿಗ್ರಿಯೊಳಗೆ ಬ್ಯಾಕ್‌ಲಾಗ್ ಹೊತ್ತುಕೊಂಡು ಮುಂದಿನ ಸೆಮಿಸ್ಟರ್‌ಗೆ ಹೋಗಬಹುದು. ಪಿಜಿಗೆ ಹಾಗಲ್ಲ, ಸೇರುವ ಹೊತ್ತಿಗೆ ಎಲ್ಲ ಪತ್ರಿಕೆ ಮುಗಿದಿರಬೇಕು. ಎಂ.ಎಸ್ಸಿ.ಗೆ ಆ ವಿಷಯವನ್ನು ಡಿಗ್ರಿಯಲ್ಲಿ ಮುಖ್ಯ ವಿಷಯವಾಗಿ ಓದಿರಬೇಕು. ಇಲ್ಲಿ ಮೂರು ಮೇಜರ್ ಪದ್ಧತಿಯ ಮಕ್ಕಳು ಎಡವುವುದುಂಟು: ಎರಡು ವರ್ಷ ಓದಿ ಕೊನೆಯ ವರ್ಷ ಕಡಿಮೆ ಮಾಡಿಕೊಂಡ ವಿಷಯದಲ್ಲೇ ಪಿಜಿ ಬೇಕು ಅನ್ನುತ್ತಾರೆ. ಐದನೇ ಸೆಮಿಸ್ಟರಿನ ಆಯ್ಕೆ ಮಾಡುವ ದಿನವೇ ಪಿಜಿ ಅಧಿಸೂಚನೆಯೊಂದನ್ನು ಪಕ್ಕದಲ್ಲಿಟ್ಟುಕೊಳ್ಳಿ. ಎಂ.ಎ.ಯಲ್ಲಿ ಹಲವು ವಿಷಯಗಳು ಬೇರೆ ಪದವಿಯವರಿಗೂ ತೆರೆದಿವೆ. ಎಂಸಿಎ ಬೇಕಾದ ಬಿ.ಕಾಂ., ಬಿ.ಎ.ಯವರು ಪಿಯುಸಿಯಲ್ಲೋ ಡಿಗ್ರಿಯಲ್ಲೋ ಗಣಿತ ಓದಿರಬೇಕು.

ಬಿ.ಇಡಿ.ಗೆ ಪದವಿಯಲ್ಲಿ ಶೇ. 50 ಅಂಕ ಬೇಕು, ಮೀಸಲು ವರ್ಗಕ್ಕೆ ರಿಯಾಯಿತಿ ಉಂಟು. ಕಲಿಸುವ ವಿಷಯಗಳು ನೀವು ಡಿಗ್ರಿಯಲ್ಲಿ ಓದಿದವೇ ಆಗಿರಬೇಕು. ಮೇಷ್ಟ್ರಾಗುವ ಆಸೆ ಇರುವವರು ಡಿಗ್ರಿಯ ಮೊದಲ ದಿನವೇ ಇದನ್ನು ಯೋಚಿಸಬೇಕು: ಶಾಲೆಯಲ್ಲಿ ಇಲ್ಲದ ವಿಷಯಗಳನ್ನೇ ಆರಿಸಿಕೊಂಡರೆ ಮುಂದೆ ಕಲಿಸುವುದೇನು?

ಒಂದೇ ಸಲ ಎರಡು ಡಿಗ್ರಿ ಮಾಡಬಹುದಾ?

2022ರ ಏಪ್ರಿಲ್‌ನಿಂದ ಯುಜಿಸಿ ಒಪ್ಪಿದೆ. ಎರಡೂ ನೇರ ತರಗತಿಯಾದರೆ ಸಮಯ ಒಂದರ ಮೇಲೊಂದು ಬರಬಾರದು. ಒಂದು ರೆಗ್ಯುಲರ್, ಇನ್ನೊಂದು ಮೈಸೂರಿನ ಮುಕ್ತ ವಿವಿಯಲ್ಲಿ, ಹೀಗೆ ಮಾಡುವವರೇ ಜಾಸ್ತಿ. ಪರೀಕ್ಷೆ ಒಂದೇ ದಿನ ಬಂದರೆ ಯಾರೂ ಮುಂದೂಡುವುದಿಲ್ಲ.

ಬೇರೆ ಕಡೆ ಸೀಟು ಸಿಕ್ಕಿತು. ಕಟ್ಟಿದ ಫೀಸು, ಮಾರ್ಕ್ಸ್ ಕಾರ್ಡ್ ವಾಪಸ್ ಕೊಡ್ತಾರಾ?

ಕೊಡಬೇಕು. 2018ರ ಯುಜಿಸಿ ಸೂಚನೆ ಹೀಗಿದೆ: ಅಡ್ಮಿಷನ್‌ನ ಕೊನೆ ದಿನಕ್ಕೆ 15 ದಿನ ಅಥವಾ ಅದಕ್ಕೂ ಮುಂಚೆ ಬಿಟ್ಟರೆ ಪೂರ್ತಿ ಹಣ, ಖರ್ಚಿಗೆಂದು ಶೇ. 5 ಮೀರದಂತೆ ಹಿಡಿಯಬಹುದು, ಅದೂ 5,000 ರೂಪಾಯಿ ದಾಟಬಾರದು. ಕೊನೆ ದಿನಕ್ಕೆ 15 ದಿನದೊಳಗೆ ಬಿಟ್ಟರೆ ಶೇ. 90. ಕೊನೆ ದಿನ ಕಳೆದು 15 ದಿನದೊಳಗೆ ಶೇ. 80, 15 ದಿನ ದಾಟಿ 30 ದಿನದೊಳಗಾದರೆ ಶೇ. 50. ಆಮೇಲೆ ಏನೂ ಇಲ್ಲ. ಮೂಲ ದಾಖಲೆಗಳನ್ನು ನೋಡಿ ವಾಪಸ್ ಕೊಡಬೇಕು, ಇಟ್ಟುಕೊಳ್ಳುವಂತಿಲ್ಲ. ನನ್ನ ಅಣ್ಣನ ಮಗಳ ಮಾರ್ಕ್ಸ್ ಕಾರ್ಡನ್ನು ಒಂದು ಕಾಲೇಜು ಎರಡು ತಿಂಗಳು ಇಟ್ಟುಕೊಂಡಿತ್ತು. ಸೂಚನೆಯ ಪ್ರತಿಯನ್ನು ಪಿನ್ ಮಾಡಿ ಅರ್ಜಿ ಕೊಟ್ಟ ಮೂರನೇ ದಿನ ಸಿಕ್ಕಿತು.

ಮಳೆ, ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ. ಕೊನೆಯ ದಿನ ತಪ್ಪಿಹೋಯ್ತು.

ತಪ್ಪಿದ ಕೂಡಲೇ ಕಾಲೇಜಿಗೆ ಬನ್ನಿ, ಮನೆಯಲ್ಲಿ ಕೂರಬೇಡಿ. ದಂಡ ಶುಲ್ಕದೊಂದಿಗೆ ದಿನಾಂಕ ಮುಂದುವರಿಸುವುದು ಸಾಮಾನ್ಯ. 2024ರಿಂದ ಪಿಯುಸಿಗೆ ವರ್ಷಕ್ಕೆ ಮೂರು ಪರೀಕ್ಷೆ ನಡೆಯುತ್ತಿವೆ. ಪರೀಕ್ಷೆ-2, ಪರೀಕ್ಷೆ-3ರಲ್ಲಿ ಪಾಸಾದವರು ತಡವಾಗಿ ಬರುತ್ತಾರೆ, ಅವರಿಗಾಗಿ ತೆರೆದ ಬಾಗಿಲಿನಲ್ಲಿ ನೀವೂ ಬರಬಹುದು. ಆದರೆ ಆ ಹೊತ್ತಿಗೆ ಬೇಡಿಕೆಯ ಕಾಂಬಿನೇಷನ್ ತುಂಬಿರುತ್ತದೆ.

ಗುಡ್ಡ ಹತ್ತಿ ನೆಟ್‌ವರ್ಕ್ ಹುಡುಕಿ ಮೊಬೈಲಿನಲ್ಲಿ ಅರ್ಜಿ ತುಂಬುವ ಸಾಹಸ ಬೇಡ. ಕಾಲೇಜಿನ ಹೆಲ್ಪ್‌ಡೆಸ್ಕಿಗೋ ಪೇಟೆಯ ಸೈಬರಿಗೋ ಹೋಗಿ, ಆದರೆ ಪಾಸ್‌ವರ್ಡ್ ನಿಮ್ಮದೇ ಇರಲಿ, ಫೋನ್ ನಂಬರ್ ಮನೆಯವರದ್ದೇ ಇರಲಿ. ಸೈಬರಿನವನ ನಂಬರ್ ಹಾಕಿದ ಅರ್ಜಿಯ ಓಟಿಪಿ ಅವನಿಗೇ ಹೋಗುತ್ತದೆ. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲೂ ಆಧಾರ್‌ನಲ್ಲೂ ಹೆಸರು ಒಂದೇ ಇದೆಯಾ ಎಂದು ಏಪ್ರಿಲ್‌ನಲ್ಲೇ ನೋಡಿ. ಜಾತಿ, ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಆಗಲೇ ಮಾಡಿಸಿ. ಟಿಸಿ ತರಲು ಪಿಯು ಕಾಲೇಜಿಗೆ ಹೋಗುವಾಗ ಲೈಬ್ರರಿ ಪುಸ್ತಕ ಜೊತೆಗೆ ತೆಗೆದುಕೊಂಡು ಹೋಗಿ. ಅದನ್ನು ಹಿಂತಿರುಗಿಸದೆ ಟಿಸಿ ಕೊಡುವುದಿಲ್ಲ, ಮತ್ತೆ ಬಸ್ಸು ಸಂಜೆಗೇ.